ಚುಕ್ಕಿ ಬೀಳುವ ರಾತ್ರಿಗೆ ಒಂದು ಊರು

ನಮ್ಮ ಕಡೆ ಪ್ರವಾಸ ಎಂಬ ಪದಾರ್ಥವಿಲ್ಲ. ಹರಕೆ ಇದೆ, ಮದುವೆ ಇದೆ, ಸಾವು ಇದೆ, ಆಸ್ಪತ್ರೆ ಇದೆ. ಬಸ್ಸು ಹತ್ತಿದ ಮನುಷ್ಯ ಇಳಿಯುವ ಕಡೆ ಒಂದೋ ದೇವರಿರಬೇಕು, ಇಲ್ಲವೇ ನೆಂಟರಿರಬೇಕು. ಎರಡೂ ಇಲ್ಲದ ಊರಿಗೆ ಹೋಗಿ ಬಂದವರನ್ನು ತಮಿಳುನಾಡಿನ ಗಡಿಯೊಳಗಿರುವ ನಮ್ಮ ಪಣಕಹಳ್ಳಿಯಲ್ಲಿ ಯಾರೂ ಬೈಯುವುದಿಲ್ಲ. ಸುಮ್ಮನೆ ನಾಲ್ಕು ದಿನ ದೂರದಿಂದ ಗಮನಿಸುತ್ತಾರೆ, ತಲೆ ನೆಟ್ಟಗಿದೆಯೋ ಇಲ್ಲವೋ ಅಂತ.

ಹಾಗಂತ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಹೊರಗೆ ರಾತ್ರಿ ಕಳೆದೇ ಇಲ್ಲ ಅಂತಲ್ಲ. ಮಾವನವರನ್ನು ಆಸ್ಪತ್ರೆಗೆ ಸೇರಿಸಿದಾಗ ಮೈಸೂರಿನಲ್ಲಿದ್ದೆ. ನಾದಿನಿ ಚಾಮರಾಜನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಅಲ್ಲಿದ್ದೆ. ಮಾದಪ್ಪನ ಬೆಟ್ಟದಲ್ಲಿ ಪರ ಮಾಡಲು, ಅಂದರೆ ದೇವರ ಹೆಸರಲ್ಲಿ ಬಂದವರಿಗೆಲ್ಲ ಊಟ ಹಾಕಲು, ಪಾತ್ರೆ ಪಡಗ ಹೊತ್ತುಕೊಂಡು ಎಷ್ಟು ಸಲ ಹೋಗಿದ್ದೇನೋ ನೆನಪಿಲ್ಲ. ಎಲ್ಲ ಕಡೆಯೂ ನನ್ನ ಕೈಯಲ್ಲಿ ಸೌಟೋ ಬಕೆಟ್ಟೋ ಇತ್ತು. ಊರು ಬೇರೆಯಾಗುತ್ತಿತ್ತೇ ಹೊರತು ಕೆಲಸ ಅದೇ.

ನನಗೆ ಒಂದು ರಾತ್ರಿ ಬೇಕಿತ್ತು. ಯಾರೂ ಹೆರದ, ಯಾರೂ ಸಾಯದ, ಯಾರ ಹರಕೆಯೂ ತೀರಬೇಕಿಲ್ಲದ ಒಂದು ರಾತ್ರಿ. ಇನ್ನೊಬ್ಬರು ಬೇಯಿಸಿದ್ದನ್ನು ಉಂಡು, ತಟ್ಟೆ ಅಲ್ಲೇ ಬಿಟ್ಟು, ಮಲಗಬೇಕು. ಬೆಳಿಗ್ಗೆ ಹಸು ಕೂಗಿದ್ದಕ್ಕಲ್ಲ, ನಿದ್ದೆ ಮುಗಿದಿದ್ದಕ್ಕೆ ಏಳಬೇಕು. ಇಷ್ಟೇ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಗಂಡನಿಗೆ ಕಷ್ಟ ಹೇಳಿಕೊಳ್ಳಬಹುದು, ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗ ಸುಸ್ತು ಹೇಳಿಕೊಳ್ಳುವುದು ಹೇಗೆ?

ಸತ್ಯಮಂಗಲದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವ ಮಗಳು ಡಿಸೆಂಬರಿನಲ್ಲಿ ಮನೆಗೆ ಬಂದಳು. ಬಂದವಳೇ, ಈ ಸಲ ಉಲ್ಕೆಗಳ ಮಳೆ ಜೋರಾಗಿ ಕಾಣುತ್ತದಂತೆ, ಆ ರಾತ್ರಿ ಚಂದ್ರನ ಕಾಟವೂ ಇಲ್ಲವಂತೆ, ಅದನ್ನು ನೋಡಲೆಂದೇ ಜನ ಊರೂರು ಹುಡುಕಿಕೊಂಡು ಹೋಗುತ್ತಾರಂತೆ, ನಾವೂ ಎಲ್ಲಾದರೂ ಹೋಗೋಣ ಅಂದಳು. ಉಲ್ಕೆ ಅಂದರೇನು ಎಂದು ಯಾರೂ ಕೇಳುವ ಮೊದಲೇ ನಾನು "ಓಗವ" ಅಂದುಬಿಟ್ಟೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಸಂಜೆ ಹೊತ್ತು. ಜಗಲಿಯಲ್ಲಿ ಮೊರದ ತುಂಬ ಅವರೆಕಾಯಿ. ಅವರೆ ಕಾಲದಲ್ಲಿ ನಮ್ಮ ಮನೆಯ ಸಕಲ ವ್ಯವಹಾರವೂ ಮೊರದ ಸುತ್ತಲೇ ತೀರ್ಮಾನವಾಗುವುದು. ಕಾಯಿ ಬಿಡಿಸುತ್ತಿದ್ದ ನಮ್ಮ ಮನೆಯವರು ತಲೆ ಎತ್ತಲಿಲ್ಲ.

"ಎಲ್ಗ?"

"ಎಲ್ಗಾದ್ರೂ ಅಪ್ಪ. ಕತ್ತಲು ಇರೋ ಕಡೆ."

"ಕತ್ತಲು ನೋಡಾಕ ಬಸ್ಸತ್ತಬೇಕಾ? ನಾನು ಒಲದ ಕಾವಲಿಗೋದಾಗ ದಿನಾ ಬೀಳ್ತವೆ. ಬೀಳಾಗ ಬೀಳ್ತವೆ, ನಾನು ಯಾರ್ಗಾದ್ರೂ ಏಳೀನಾ?"

ಹೇಳುವುದಿಲ್ಲ, ನಿಜ. ಹೇಳಬಾರದು ಅನ್ನುವುದೇ ಪದ್ಧತಿ. ಚುಕ್ಕಿ ಬಿದ್ದರೆ ಬೆರಳು ಮಾಡಿ ತೋರಿಸಬಾರದು, ಪಕ್ಕದವರಿಗೆ ಹೇಳಬಾರದು, ಶಿವ ಶಿವ ಅಂದು ತಕ್ಷಣ ಒಂದು ಹಸಿರು ಗಿಡ ನೋಡಬೇಕು. ಹಸಿರು ನೋಡದೆ ಬಂದವರ ಮನೆಗೆ ಕೆಡುಕು. ನಮ್ಮ ಅತ್ತೆಯ ಪ್ರಕಾರ ಒಂದೊಂದು ಚುಕ್ಕಿಯೂ ಒಂದೊಂದು ಜೀವ. ಈ ಮಾತನ್ನು ಅವರು ಮೊರದ ಆಚೆ ಬದಿಯಿಂದ ಇನ್ನೊಮ್ಮೆ ಬಿಡಿಸಿ ಹೇಳಿದರು.

"ಒಂದು ಬಿದ್ರ ಒಂದು ಜೀವ ಓಯ್ತು ಅಂತ. ನೂರು ಬೀಳಾದ ನೋಡಾಕ ಟಿಕೇಟು ತಕ್ಕಂಡು ಓಗ್ತೀರಾ? ಸಾವಿನ ಮನ್ಗ ಓಗಾವ್ರೂ ಇಷ್ಟು ಖುಸಿಯಾಗಿ ಓಗಾಕಿಲ್ಲ ಕಣವ್ವ."

ಮಗಳು ಅದು ಜೀವವಲ್ಲ ಅಜ್ಜಿ, ಧೂಳು, ಕಲ್ಲಿನ ಚೂರು ಎಂದು ವಿವರಿಸತೊಡಗಿದಳು. ಅತ್ತೆ ಶಾಂತವಾಗಿ ಕೇಳಿಸಿಕೊಂಡು, "ನಾವೂ ಅಷ್ಟೇಯ ಮಗ, ಧೂಳೇಯ" ಅಂದರು. ಮಗಳು ಮೊಬೈಲು ಮಡಿಲಿಗಿಟ್ಟು ಒಂದು ಅವರೆಕಾಯಿ ಎತ್ತಿಕೊಂಡಳು.

ಆದರೂ ನಾನು ಪಟ್ಟು ಬಿಡಲಿಲ್ಲ. ಚುಕ್ಕಿಯ ಮೇಲೆ ನನಗೇನು ಮೋಹವಿತ್ತು? ಆಕಾಶದಿಂದ ಕಡಲೆಪುರಿ ಉದುರುತ್ತದೆ ಅಂದಿದ್ದರೂ ಹೊರಡುತ್ತಿದ್ದೆ. ಮಾರನೇ ಸಂಜೆಯಿಂದ ಊರು ಆರಿಸುವ ಕೆಲಸ ಶುರುವಾಯಿತು. ಮಗಳು ಮೊಬೈಲಿನಲ್ಲಿ ಒಂದೊಂದು ಊರು ಹುಡುಕುವುದು, ಮನೆಯವರು ಅದಕ್ಕೆ ಒಂದೊಂದು ಕುಂದು ಹುಡುಕುವುದು.

ಊಟಿ ಅಂದಳು. "ಅಲ್ಲಿ ಯಾವ ದೇವ್ರದೆ?" ಯಾವುದಾದರೂ ಇದ್ದೇ ಇರುತ್ತದೆ ಅಂದೆ. "ಯಾವ್ದಾದ್ರೂ ಅಂದ್ರ ಆಗಾಕಿಲ್ಲ. ನಮ್ಮ ಒಕ್ಕಲಿನ ದೇವ್ರಲ್ಲ. ಯಾರವ್ರೆ ಅಲ್ಲಿ?" ಯಾರೂ ಇಲ್ಲ. ಊಟಿ ಬಿದ್ದುಹೋಯಿತು. ಕನ್ಯಾಕುಮಾರಿ ಅಂದಳು. ಅಲ್ಲಿ ದೇವರಿದ್ದಾಳೆ, ಆದರೆ ಸಮುದ್ರದ ಗಾಳಿ ಅತ್ತೆಗೆ ಆಗುವುದಿಲ್ಲ. ಅತ್ತೆ ಬರುವುದಿಲ್ಲ ಎಂದು ಹೇಳಿಯಾಗಿತ್ತು, ಆದರೂ ಅವರಿಗೆ ಆಗದ ಗಾಳಿಗೆ ನಾವು ಹೋಗುವಂತಿರಲಿಲ್ಲ. ಮನೆಯವರು ತಾವಾಗಿಯೇ ಮಾದಪ್ಪನ ಬೆಟ್ಟ ಸೂಚಿಸಿದರು. ದೇವರೂ ಆಯಿತು, ಚುಕ್ಕಿಯೂ ಆಯಿತು, ಹೇಗೂ ಹೋಗುತ್ತೇವಲ್ಲ ಒಂದು ಪರ ಮಾಡಿಕೊಂಡೇ ಬರೋಣ ಅಂದರು. ಬೀಳುವ ಚುಕ್ಕಿಗಳ ಕೆಳಗೆ ನಾನು ಐವತ್ತು ಜನಕ್ಕೆ ಅನ್ನ ಬಸಿಯುವುದು ಕಣ್ಣ ಮುಂದೆ ಬಂತು. ಬೆಟ್ಟದ ತುಂಬ ದೀಪಗಳು, ಒಂದು ಚುಕ್ಕಿಯೂ ಕಾಣುವುದಿಲ್ಲ ಅಂತ ಮಗಳ ಕೈಲಿ ಹೇಳಿಸಿ ಅದನ್ನು ತಪ್ಪಿಸಿದೆ.

ಹತ್ತಿರದ ಜಾಗಗಳಿಗೆ ಬಂದೆವು. ದಿಂಬಂ. ಘಾಟಿಯ ನೆತ್ತಿ, ಕೆಳಗೆ ಬಯಲು ಸೀಮೆ ಪೂರ್ತಿ ಕಾಣುತ್ತದೆ, ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ನೋಡಬಹುದು ಅಂದೆ. ಯಾರೋ ಮಾಡಿದ ಚಹಾ ಕುಡಿಯುವುದಷ್ಟೇ ನನ್ನ ಆಸೆ.

"ಕತ್ತಲಾಯ್ತಿದ್ದಂಗೆ ರೋಡು ಮುಚ್ತಾರೆ. ಸೋದನೆ ಚಾವಡಿಯವ್ರು ನಿನ್ನ ಚುಕ್ಕಿಗೋಸ್ಕರ ಗೇಟು ತಗೀತಾರಾ?" ಅಂದರು. ಚೆಕ್‌ಪೋಸ್ಟಿನ ಗೇಟು ಬಿದ್ದ ಮೇಲೆ ಚಹಾ ಅಂಗಡಿಯವರೂ ಬಾಗಿಲು ಹಾಕಿರುತ್ತಾರೆ. ಬೆಂಚಿನ ಮೇಲೆ ಚಿರತೆ ಕೂತಿರುತ್ತದೆ ಅಂತ ಸೇರಿಸಿದರು.

ತಾಳಮಲೆ ಅಂದರೆ, ಅದು ಹುಲಿ ಕಾಡು, ರಾತ್ರಿ ನಿಲ್ಲಲು ಅರಣ್ಯದವರ ಅನುಮದಿ ಬೇಕು ಅಂದರು. ಕಚೇರಿಯ ಮಾತು ಬಂದಾಗ ನಮ್ಮವರ ಬಾಯಲ್ಲಿ ತಮಿಳು ತಾನಾಗಿಯೇ ಬರುತ್ತದೆ, ಕನ್ನಡದಲ್ಲಿ ಹೇಳಿದರೆ ಅಷ್ಟು ಅಸಾಧ್ಯ ಅನ್ನಿಸುವುದಿಲ್ಲ.

ಇಷ್ಟು ಹುಡುಕಿದ ಮೇಲೆ ನನಗೊಂದು ಸತ್ಯ ಗೊತ್ತಾಯಿತು. ಈ ಸೀಮೆಯಲ್ಲಿ ಕತ್ತಲೆ ಇರುವ ಕಡೆಯೆಲ್ಲ ಆನೆ ಇದೆ. ಆನೆ ಇಲ್ಲದ ಕಡೆಯೆಲ್ಲ ದೀಪ ಇದೆ. ಚುಕ್ಕಿ ನೋಡಲು ಕತ್ತಲೆ ಬೇಕು, ಬದುಕಿ ಬರಲು ದೀಪ ಬೇಕು. ಎರಡೂ ಸಿಗುವ ಊರನ್ನು ದೇವರು ಇನ್ನೂ ಮಾಡಿದಂತಿರಲಿಲ್ಲ. ಮಾಡಿದ್ದರೂ ಅಲ್ಲಿ ನಮಗೆ ನೆಂಟರಿರಲಿಲ್ಲ.

ಆಗಲೇ ಮಗಳು ಗೆದ್ದವಳ ಹಾಗೆ ಮೊಬೈಲು ಎತ್ತಿ ಹಿಡಿದಳು. ಉಲ್ಕೆ ನೋಡುವವರಿಗೆಂದೇ ಡೇರೆ ಹಾಕಿದ ಜಾಗ. ಬೇಲಿಗೆ ಕರೆಂಟು ಕೊಟ್ಟಿದ್ದಾರೆ, ಆನೆ ಬರುವುದಿಲ್ಲ. ದೀಪವಿಲ್ಲ. ಊಟ, ತಿಂಡಿ, ಹಾಸಿಗೆ ಎಲ್ಲ ಅವರದೇ. ಊಟ ಅವರದೇ ಎಂಬುದನ್ನು ನಾನು ಎರಡು ಸಲ ಓದಿಸಿಕೊಂಡೆ. ಫೋಟೋದಲ್ಲಿ ಬೀಳುಬಿದ್ದ ಹೊಲ, ಹಿಂದೆ ಸಾಲು ಬೆಟ್ಟ, ಮರದ ಮೇಲೊಂದು ಅಟ್ಟಣೆ. ಅಟ್ಟಣೆಗೆ ಅಲ್ಲಿ 'ಆಕಾಶ ವೀಕ್ಷಣಾ ಗೋಪುರ' ಎಂದು ಹೆಸರಿಟ್ಟಿದ್ದರು.

ಮನೆಯವರು ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಆಮೇಲೆ ಕನ್ನಡಕ ತೆಗೆದು ನೋಡಿದರು. ಆಮೇಲೆ ನಗಲು ಶುರುಮಾಡಿದವರು ಅವರೆಕಾಯಿ ಕೆಳಗೆ ಬೀಳುವವರೆಗೂ ನಕ್ಕರು.

"ಇದು ನಮ್ಮ ಪಕ್ಕದೂರಿನವ್ರ ಒಲ ಕಣಮ್ಮಿ. ಅಂದಿ ಕಾಟ ತಡೀನಾರ್ದೆ ಬೆಳೆ ಇಕ್ಕಾದ ಬುಟ್ಟು ಕುಂತಿದ್ರು. ಡೇರೆ ಆಕವ್ರೆ. ಅಟ್ಟಣೆ ಕಟ್ಟಾಕ ನಾನೇ ಬೊಂಬು ಕೊಟ್ಟಿದ್ದು."

ಮಗಳು ನಕ್ಷೆ ದೊಡ್ಡದು ಮಾಡಿ ನೋಡಿದಳು. ನಿಜವೇ. ನಮ್ಮ ಬಾವಿಯಿಂದ ಕೂಗಿದರೆ ಕೇಳುವಷ್ಟು ದೂರ. ಕೊಯಮತ್ತೂರು, ಬೆಂಗಳೂರಿನವರು ಮುಗಿಬಿದ್ದು ಬರುತ್ತಿದ್ದಾರೆ ಎಂದು ಅಲ್ಲಿ ಬರೆದಿತ್ತು. ದಕ್ಷಿಣದಲ್ಲೇ ಇಂಥ ಆಕಾಶ ಅಪರೂಪ ಅಂತಲೂ ಇತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆದರೆ ನನಗೆ ಬೇಕಿದ್ದದ್ದು ಮದ್ದಲ್ಲ, ಹಿತ್ತಲಿನಿಂದ ಆಚೆ ಹೋಗುವುದು. ಆ ಡೇರೆಯಲ್ಲೇ ಮಲಗಿ ಬರೋಣ, ಊಟ ಅವರದೇ ಇದೆಯಲ್ಲ ಅಂದೆ. ಮನೆಯವರು ನನ್ನನ್ನು ಕನಿಕರದಿಂದ ನೋಡಿದರು.

"ನಮ್ಮ ಮಾಳಿಗೆ ಮೇಲೂ ಅದೇ ಆಕಾಶ ಅಲ್ವಾ? ಪಕ್ಕದೂರಿನವ್ರ ಡೇರೆಲಿ ಮಲಗಿದ್ರ ಜನ ಏನಂದಾರು? ಮನೆಲಿ ಜಗಳ ಆಡ್ಕಂಡವ್ರೆ ಅಂದಾರು."

ಇಲ್ಲಿಗೆ ಮುಗಿದಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ. ಆದರೆ ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಎಲ್ಲಿಗಾದರೂ ಹೋಗುವ ಯೋಚನೆ ಬಂದ ಕೂಡಲೇ ಹತ್ತಿರದವರಿಗೆ ಹೇಳಬೇಕು, ಹೇಳದೆ ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಬುದ್ಧಿ. ಊರು ಗೊತ್ತಾಗುವ ಮೊದಲೇ ನಮ್ಮ ಮನೆಯವರು ಚಾಮರಾಜನಗರದ ತಂಗಿಗೆ ಫೋನು ಮಾಡಿ, ಚುಕ್ಕಿ ನೋಡಲು ಹೋಗುತ್ತಿದ್ದೇವೆ ಎಂದು ಹೇಳಿಬಿಟ್ಟಿದ್ದರು. ಈಗ ಎಲ್ಲೂ ಹೋಗುತ್ತಿಲ್ಲ, ಮಾಳಿಗೆ ಮೇಲೇ ನೋಡುತ್ತೇವೆ ಎಂದು ಮತ್ತೆ ಫೋನು ಮಾಡಿದರು.

ನಾದಿನಿಗೆ ಇದಕ್ಕಿಂತ ಸಂತೋಷದ ಸುದ್ದಿ ಇನ್ನೊಂದಿರಲಿಲ್ಲ. ತವರು ಮನೆ, ಅವರೆಕಾಲ, ಮಕ್ಕಳಿಗೆ ರಜೆ. ಗಂಡ ಮಕ್ಕಳ ಜೊತೆ ಬರುತ್ತೇನೆ ಅಂದಳು. ಎರಡನೇ ಫೋನಿನಲ್ಲಿ, ನಮ್ಮ ಬೀದಿಯ ಎರಡು ಸಂಸಾರವೂ ಬರುತ್ತವೆ, ವ್ಯಾನು ಮಾಡಿಕೊಂಡು ಬರುತ್ತೇವೆ, ಪಾಪ ಅವರೂ ಇಂಥದ್ದೆಲ್ಲ ಎಲ್ಲಿ ನೋಡಿದ್ದಾರೆ ಅಂದಳು. ಮೂರನೇ ಸಲ ನನ್ನನ್ನೇ ಕರೆದು, "ಅತ್ತಿಗೆ, ಇಸುಕಿದ ಬೇಳೆ ಸಾರು ಮಾಡಿರಿ. ನಿಮ್ಮ ಕೈದೇ ಬೇಕು ಅಂತವ್ರೆ ಎಲ್ರೂವೆ" ಅಂದಳು. ಅವರೆಕಾಳು ನೆನೆಹಾಕಿ ಒಂದೊಂದಾಗಿ ಸಿಪ್ಪೆ ಹಿಸುಕಿ ತೆಗೆದರೆ ಆ ಸಾರು. ವ್ಯಾನಿನ ಜನಕ್ಕೆ ಹಿಸುಕುವುದೆಂದರೆ ಹೆಬ್ಬೆರಳಿಗೆ ಜ್ವರ ಬರಬೇಕು.

ಹೀಗೆ ನನ್ನ ಪ್ರವಾಸದ ಊರು ತೀರ್ಮಾನವಾಯಿತು. ಅದು ನನ್ನ ಅಡುಗೆಮನೆ.

ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂತೆ. ಅಳು ಬಂತು. ಸಣ್ಣ ವಿಷಯಕ್ಕೆ ಅಳುತ್ತಿದ್ದೇನೆ ಎಂದು ಗೊತ್ತಿತ್ತು, ಅದು ಗೊತ್ತಿದ್ದರಿಂದ ಇನ್ನಷ್ಟು ಬಂತು. ಹಿಂಡಿ ತೆಗೆದುಕೊಳ್ಳಲು ಬಂದ ಅತ್ತೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು. ಹಿಂಡಿ ತೆಗೆದುಕೊಂಡು ಹೋದರು. ನಮ್ಮಿಬ್ಬರ ನಡುವೆ ಅಂಥ ಮಾತುಕತೆಯ ಅಭ್ಯಾಸವಿಲ್ಲ. ಅವರು ನನಗೆ ಹೇಳುವುದೆಲ್ಲ ಉಪ್ಪು, ಹುಳಿ, ಹಸು, ಮಳೆ. ಒಂದು ಒಳ್ಳೆ ಮಾತು ಹೇಳಿದರೆ ಅದಕ್ಕೊಂದು ಮುಳ್ಳು ಸಿಕ್ಕಿಸಿಯೇ ಹೇಳುವವರು.

ಆ ದಿನ ಬಂತು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದು, ಅವರೆಕಾಳಿನ ಬುಟ್ಟಿಯ ಮುಂದೆ ಕೂತೆ. ಅಷ್ಟರಲ್ಲಿ ಅತ್ತೆ ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಚೀಲ ಹಿಡಿದು ಜಗಲಿಗೆ ಬಂದರು. ಮಗನನ್ನು ಕರೆದರು.

"ನಾನು ಇವತ್ತು ಈ ಮನೇಲಿ ಇರಾಕಿಲ್ಲ ಕಣ್ಲಾ."

"ಯಾಕವ್ವ?"

"ಸಾವು ಬರ್ಲಿ ಅಂತ ಚಾಪೆ ಆಸ್ಕಂಡು ಕಾಯ್ತಿದ್ದೀರಿ. ನನ್ನ ವಯಸ್ನೋಳು ಅಂಥ ಕಡೆ ಇರಬಾರ್ದು. ಕಣ್ಣಿಗೆ ಬಿದ್ರ ಆಮೇಲೆ ಯಾವ ಅಸ್ರು ನೋಡಿದ್ರೂ ಪ್ರಯೋಜನಿಲ್ಲ."

ಒಳಗೇ ಮಲಗಿಕೋ, ಕಿಟಕಿ ಹಾಕುತ್ತೇನೆ ಅಂದರು ಮಗ. ತಾವು ಮಲಗುವ ಕೋಣೆಯ ಹೆಂಚಿನ ಸಂದಿಯಲ್ಲೂ ಕಾಣುತ್ತದೆ ಅಂದರು ತಾಯಿ. ಮತ್ತೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದ್ದಕ್ಕೆ, ಚುಕ್ಕಿ ಕಾಣದ ಊರಿಗೆ ಅಂದರು. ಚಾಮರಾಜನಗರದ ಮಗಳ ಮನೆ ಮುಂದೆ ಪೆಟ್ರೋಲ್ ಬಂಕಿದೆ, ರಾತ್ರಿಯೆಲ್ಲ ಹಗಲಿನ ಹಾಗೆ ದೀಪ ಉರಿಯುತ್ತದೆ. ಅವರೆಲ್ಲ ಇಲ್ಲಿಗೆ ಬರುತ್ತಿದ್ದಾರೆ, ಆ ಮನೆ ಖಾಲಿ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಬಾ ಎಂದು ಆಗಲೇ ನಾದಿನಿಗೆ ಹೇಳಿಯೂ ಆಗಿತ್ತು.

"ನಿನ್ನೊಬ್ಬಳನ್ನೇ ಎಂಗ ಕಳಿಸಾದು? ಕಣ್ಣು ಬ್ಯಾರೆ ಮಂಜು."

"ಅದ್ಕೇ ಇವ್ಳು ಬರ್ಲಿ" ಎಂದು ನನ್ನ ಕಡೆ ಗದ್ದ ತೋರಿಸಿದರು. "ಅಡ್ಗೆಗ ನಿನ್ನ ತಂಗಿ ಬತ್ತಾವ್ಳಲ್ಲ. ಅವ್ಳ್ಗ ಕಲಿಸಿ ಕಳಿಸಿದ್ದು ನಾನೇಯ."

ಅಕ್ಕಪಕ್ಕದವರ ಮುಂದೆ ತಾಯಿಯ ಮಾತನ್ನು ಮೂಢನಂಬಿಕೆ ಅನ್ನಬಹುದು, ತಾಯಿಯ ಮುಂದೆ ಅನ್ನಲಾಗುವುದಿಲ್ಲ. ನಾನು ಕಾಳಿನ ಬುಟ್ಟಿಯನ್ನು ಮಗಳ ಮುಂದಕ್ಕೆ ಸರಿಸಿ ಎದ್ದೆ. ಎಲ್ಲಿ ಅವರ ಮನಸ್ಸು ಬದಲಾಗುತ್ತದೋ ಎಂದು ಹೆದರಿ, ಉಟ್ಟ ಸೀರೆಯಲ್ಲೇ ಹೊರಟೆ. ನಮ್ಮ ಬಸ್ಸು ತಾಳವಾಡಿ ದಾಟಿ ಗಡಿಯ ಹತ್ತಿರ ಬರುವಾಗ ಎದುರಿನಿಂದ ವ್ಯಾನು ಬಂತು. ಕಿಟಕಿಯಲ್ಲಿ ನಾದಿನಿಯ ಮುಖ ಕಂಡಿತು. ಅವಳು ಕೈ ಬೀಸಿದಳು. ಅಡುಗೆಯ ಸುದ್ದಿ ಅವಳಿಗಿನ್ನೂ ಮುಟ್ಟಿರಲಿಲ್ಲ.

ನೆಂಟರ ಮನೆಗಳಲ್ಲಿ ನೆಂಟರಿಲ್ಲದ ಮನೆಯಷ್ಟು ಸುಖದ್ದು ಬೇರೊಂದಿಲ್ಲ. ಯಾರನ್ನೂ ಮಾತಾಡಿಸಬೇಕಿಲ್ಲ, ಎರಡನೇ ಸಲ ಬಡಿಸಿದ್ದಕ್ಕೆ ಸಾಕು ಸಾಕು ಅನ್ನಬೇಕಿಲ್ಲ, ಪಾತ್ರೆ ತೊಳೆಯಲು ನುಗ್ಗಬೇಕಿಲ್ಲ. ನಾನು ಗೀಸರಿನ ಬಿಸಿನೀರು ಮುಗಿಯುವವರೆಗೂ ಮಿಂದೆ. ಬಂಕಿನ ಪಕ್ಕದ ಖಾನಾವಳಿಯಿಂದ ಊಟ ತರಿಸಿದೆವು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಅತ್ತೆ ಅದನ್ನು ತುಟಿ ಪಿಟಕ್ಕೆನ್ನದೆ ಉಂಡರು. ನನ್ನ ಸಾರಿನಲ್ಲಿ ಒಂದು ಕಲ್ಲು ಉಪ್ಪು ಹೆಚ್ಚಾದರೆ ಮೂರು ಊಟದವರೆಗೂ ನೆನಪಿಡುವ ಹೆಂಗಸು.

ಸಂಜೆಯಾಗುತ್ತಿದ್ದಂತೆ ಬಂಕಿನ ದೀಪಗಳು ಹತ್ತಿಕೊಂಡವು. ಅತ್ತೆ ಕಿಟಕಿಯ ಹತ್ತಿರ ಹೋಗಿ, ಕಣ್ಣಿಗೆ ಕೈ ಅಡ್ಡ ಇಟ್ಟು, ಮೇಲೆ ನೋಡಿದರು. ತುಂಬ ಹೊತ್ತು ನೋಡಿದರು.

"ಒಂದೂ ಕಾಣ್ನಿಲ್ಲ. ವಳ್ಳೆ ಜಾಗ ಕಣವ್ವ" ಅಂದರು.

ಎಂಟು ಗಂಟೆಗೆಲ್ಲ ನಾನು ಮಲಗಿದೆ. ಊರಿನಲ್ಲಿ ಈ ಹೊತ್ತಿಗೆ ಮಾಳಿಗೆಗೆ ಚಾಪೆ ಸಾಗುತ್ತಿರಬಹುದು, ಯಾರೋ ನೀರು ಕೇಳುತ್ತಿರಬಹುದು ಎಂದುಕೊಂಡೆ. ಆ ಯೋಚನೆಯ ಕೊನೆ ತಲುಪುವ ಮೊದಲೇ ನಿದ್ದೆ ಬಂತು. ಕನಸಿಲ್ಲದ, ಕರೆಯಿಲ್ಲದ ನಿದ್ದೆ.

ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಗಾಬರಿಯಿಂದ ಎದ್ದು ಕೂತೆ. ಅತ್ತೆ ಪಕ್ಕದ ಮಂಚದ ಮೇಲೆ ಇನ್ನೂ ಮಲಗೇ ಇದ್ದರು. ಎಚ್ಚರವಾಗಿಯೇ ಇದ್ದರು, ಏಳುವ ಆತುರ ಇರಲಿಲ್ಲ. ಹಾಗೆ ಸುಮ್ಮನೆ ಸೂರು ನೋಡುತ್ತಾ ಮಲಗಿದ ಅತ್ತೆಯನ್ನು ನಾನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ. ನಾನು ಏಳುವ ಮೊದಲು ಅವರು ಎದ್ದಿರುತ್ತಿದ್ದರು, ನಾನು ಈ ಮನೆಗೆ ಬರುವ ಮೊದಲೇ ಅವರ ಅತ್ತೆ ಎಬ್ಬಿಸಿ ಎಬ್ಬಿಸಿ ಮಾಡಿಸಿದ ಅಭ್ಯಾಸ.

ಫೋನು ಬಂತು. ಮನೆಯವರು. ದನಿಯಲ್ಲಿ ರಾತ್ರಿಯೆಲ್ಲ ಉರುಳಾಡಿದ ಕುರುಹಿತ್ತು. ಸಂಜೆಗೇ ಮಂಜು ಇಳಿದು ಬೆಟ್ಟವೇ ಕಾಣದ ಹಾಗೆ ಮುಚ್ಚಿಕೊಂಡಿತಂತೆ. ಬೆಳಗಿನವರೆಗೂ ಕಾದರೂ ಒಂದು ಚುಕ್ಕಿ ಕಾಣಲಿಲ್ಲವಂತೆ. ಮಕ್ಕಳಿಗೆ ನೆಗಡಿ. ಹಸು ಅವರ ಕೈಗೆ ಸರಿಯಾಗಿ ಹಾಲು ಕೊಟ್ಟಿಲ್ಲ. ತಂಗಿ ಮುಖ ಊದಿಸಿಕೊಂಡು ಉಪ್ಪಿಟ್ಟು ಮಾಡುತ್ತಿದ್ದಾಳೆ. ಈ ರಾತ್ರಿಯೂ ಬೀಳುತ್ತವಂತೆ, ಇನ್ನೊಂದು ದಿನ ಇದ್ದು ನೋಡಿಕೊಂಡೇ ಹೋಗುತ್ತೇವೆ ಅಂತ ವ್ಯಾನಿನವರು ಕೂತಿದ್ದಾರೆ. ಹತ್ತು ಗಂಟೆ ಬಸ್ಸಿಗೆ ಬಂದುಬಿಡಿ.

ನನ್ನ ಮುಖ ಏನು ಹೇಳಿತೋ, ಅತ್ತೆ ಮಲಗಿದ್ದಲ್ಲಿಂದಲೇ ಕೈ ಚಾಚಿ ಫೋನು ಇಸಿದುಕೊಂಡರು.

"ಬೀಳ್ನಿಲ್ವಾ ಮಗ? ಅಂಗಾರ ಎಲ್ಲವೂ ಇವತ್ತೇ ಬೀಳ್ತವೆ. ನಾವು ಎಂಗ ಬರಾದು? ನೀನೇ ಏಳು" ಅಂದರು. ಆ ಕಡೆಯಿಂದ ಏನೋ ಕೇಳಿಸುತ್ತಲೇ ಇತ್ತು. "ಅಸೂಗ ಇಂಡಿ ನೆನಾಕು" ಎಂದು ಹೇಳಿ ಫೋನು ನನ್ನ ಕೈಗೆ ಕೊಟ್ಟರು. ಆಫ್ ಮಾಡುವುದು ಅವರಿಗೆ ಬರುವುದಿಲ್ಲ, ನಾನೇ ಮಾಡಿದೆ.

ನನಗೆ ನಗು ಬಂತು. ಅತ್ತೆ ನಗಲಿಲ್ಲ. ಬಾಗಿಲಿಗೆ ಖಾನಾವಳಿಯವರು ಕಾಫಿ ತಂದು ಇಟ್ಟಿದ್ದರು, ಎರಡು ಲೋಟ ಒಳಗೆ ತಂದೆ. ಅತ್ತೆ ಗೋಡೆಗೆ ಒರಗಿ, ಕಾಲು ಚಾಚಿ, ಹೊದಿಕೆ ತೆಗೆಯದೆ ಕಾಫಿ ಕುಡಿದರು. ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕಿಟಕಿಯ ಬಿಸಿಲು ನೋಡುತ್ತಾ ಕೂತವರು, ನನ್ನ ಕಡೆ ತಿರುಗದೆ ಕೇಳಿದರು.

"ಆ ಚುಕ್ಕಿಗಳು ನಾಳಿಕ್ಕೂ ಬೀಳ್ತವಾ?"

ನಾಳೆಗೆ ಎಲ್ಲ ಮುಗಿದಿರುತ್ತದೆ ಎಂದು ಮಗಳು ಓದಿ ಹೇಳಿದ್ದಳು.

"ಬೀಳ್ತವಂತೆ ಅತ್ತೆ" ಅಂದೆ.